ಮೇಸ್ತ್ರಿ ಕೊಟ್ಟ ವಾಟ

ನಮ್ಮ ಬೀದಿಯ ಮೇಸ್ತ್ರಿ ಅಂಗಳಕ್ಕೆ ಕಲ್ಲು ಹಾಸಿದನೆಂದರೆ ಇರುವೆಗೂ ಬಾಗಿಲು ಸಿಗುತ್ತಿರಲಿಲ್ಲ. ಎರೆಹುಳುಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ಪಕ್ಕದ ಬಡಾವಣೆಗೆ ಗುಳೆ ಹೋದದ್ದನ್ನು ನಾನು ಕಣ್ಣಾರೆ ನೋಡಿಲ್ಲ, ನೋಡಿದವರನ್ನು ನೋಡಿದ್ದೇನೆ. ಅಂಗಳದ ನೀರು ಹೊರಗಿಳಿಯಲೆಂದು ಕೊಡುವ ಸಣ್ಣ ಇಳಿಜಾರಿಗೆ ಆ ಕಸುಬಿನವರು ವಾಟ ಎನ್ನುತ್ತಾರೆ. ಅದರಲ್ಲಿ ಇವನದು ಎತ್ತಿದ ಕೈ. ನೀರು ಚೆಲ್ಲಿ ಬಕೆಟ್ ಕೆಳಗಿಡುವಷ್ಟರಲ್ಲಿ ಆ ನೀರು ಗೇಟು ದಾಟಿ ಬೀದಿಗೆ ಬಿದ್ದಿರುತ್ತಿತ್ತು.

ಬೀದಿಯೂ ಇಳಿಜಾರು. ಅದರ ಕೊನೆಯ ತಗ್ಗಿನಲ್ಲಿ ಮೇಸ್ತ್ರಿಯ ಅಕ್ಕನ ಮನೆ. ಬಟ್ಟೆ ಹೊಲಿದು ತಮ್ಮನನ್ನು ಸಾಕಿದ ಒಂಟಿ ಹೆಂಗಸು.

ಮೊದಲೆಲ್ಲ ಮಳೆ ಸಂಸಾರಸ್ಥನಂತೆ ಹೊತ್ತಿಗೆ ಸರಿಯಾಗಿ ಬಂದು ಹೋಗುತ್ತಿತ್ತು. ಈಗ ಅದು ಮುನಿಸಿಕೊಂಡ ಷಡ್ಡಕ. ತಿಂಗಳುಗಟ್ಟಲೆ ಪತ್ತೆಯಿಲ್ಲ, ಬಂದರೆ ಒಂದೇ ಸಂಜೆಯಲ್ಲಿ ಮನೆಮಂದಿಯನ್ನೆಲ್ಲ ತೊಳೆದುಬಿಡುತ್ತದೆ. ಅಂಥ ಸಂಜೆಗಳಲ್ಲಿ ಇಡೀ ಬೀದಿಯ ನೀರು ಅಕ್ಕನ ಹೊಸ್ತಿಲು ದಾಟುತ್ತಿತ್ತು. ಹೊಲಿಗೆ ಯಂತ್ರ, ಮಂಚ, ಬೀರು ಎಲ್ಲವೂ ಇಟ್ಟಿಗೆ ಏರಿ ಕೂತವು. ಆ ಮನೆಯಲ್ಲಿ ನೆಲ ಮುಟ್ಟುತ್ತಿದ್ದದ್ದು ಅಕ್ಕನ ಪಾದ ಮಾತ್ರ.

ನಗರಸಭೆಯ ಇಂಜಿನಿಯರಮ್ಮ ನಕ್ಷೆ ಹಿಡಿದು ಬಂದಳು. ತಗ್ಗಿನಲ್ಲಿ ಮಳೆನೀರು ನಿಲ್ಲಲು ಕೊಳ ತೋಡುವ ಯೋಜನೆ. ನಕ್ಷೆಯಲ್ಲಿ ಅಕ್ಕನ ಮನೆ ಕೊಳದ ನಟ್ಟನಡುವೆ ಬಿದ್ದಿತ್ತು.

"ಬೇರೆ ದಾರಿ ಇಲ್ವಾ ಮೇಡಂ?" ಎಂದ ಮೇಸ್ತ್ರಿ.

"ಇದೆ. ಮೇಲಿನ ಮನೆಯವರೆಲ್ಲ ಅರ್ಧ ಅಂಗಳ ಕಿತ್ತು ಮಣ್ಣು ಬಿಡ್ಲಿ. ನೀರು ಅಲ್ಲಲ್ಲೇ ಇಂಗಿದ್ರೆ ಚಿಕ್ಕ ಕೊಳ ಸಾಕು, ಮನೆ ಉಳಿಯುತ್ತೆ. ಒಪ್ಪಿಸ್ತೀರಾ?"

ಮೇಸ್ತ್ರಿ ಮೊದಲು ತನ್ನ ಅಂಗಳವನ್ನೇ ಕಿತ್ತ. "ಹಾಸುವಾಗ ನನ್ನ ತಲೆ ತಿಂದ್ರಿ, ಕೀಳುವಾಗ್ಲೂ ನನ್ನ ತಲೇನೇ ಬೇಕಾ?" ಎಂದಳು ಹೆಂಡತಿ. ಆಮೇಲೆ ಮನೆ ಮನೆಗೆ ಹೋದ. ಎಲ್ಲ ಕಡೆ ಒಂದೇ ರಾಗ: ಕಾಲ ಕೆಟ್ಟಿದೆ, ಮಳೆ ದಾರಿ ತಪ್ಪಿದೆ.

"ದಾರಿ ತಪ್ಪಿದ್ದು ಮಳೆ ತಾನೇ? ಅದಕ್ಕೇ ಬುದ್ಧಿ ಹೇಳು. ನಮ್ಮ ಅಂಗಳ ಏನಯ್ಯಾ ಮಾಡ್ತು?" ಎಂದು ಮೇಲಿನ ಮನೆಯ ಹಳೇ ಕಾಂಪೌಂಡರ್ ಗೇಟು ಹಾಕಿಕೊಂಡ. ಮೇಸ್ತ್ರಿ ತಾನೇ ಕೊಟ್ಟ ವಾಟವನ್ನು ಗೇಟಿನ ಸಂದಿಯಿಂದ ನೋಡಿ ಹೊರಟ.

ಅತ್ತ ಅಕ್ಕ ಅಳತೆ ಕೊಡಲು ಬಂದವರಿಗೆಲ್ಲ ಹೇಳುತ್ತಿದ್ದಳು: "ನನ್ನ ತಮ್ಮ ಅಪರಂಜಿ. ನನಗೋಸ್ಕರ ಸ್ವಂತ ಅಂಗಳಾನೇ ಅಗೆದ." ಈ ಹೊಗಳಿಕೆ ಕೇಳಿ ಕೇಳಿ ಮೇಸ್ತ್ರಿ ಎಷ್ಟು ಕುಗ್ಗಿಹೋದನೆಂದರೆ, ಸಡಿಲವಾದ ಅವನ ಅಂಗಿಯನ್ನು ಅಕ್ಕ ಹಿಡಿದು ಹೊಲಿಯಬೇಕಾಯಿತು.

"ಸರಿಯಾಗಿ ಉಣ್ತಿಲ್ವೇನೋ?" ಎನ್ನುತ್ತ ಅವಳು ಅಂಗಿಯ ಪಕ್ಕೆಗೆ ಗುಂಡುಸೂಜಿ ಚುಚ್ಚುತ್ತಿದ್ದಳು.

"ಅಕ್ಕಾ, ಆ ನೀರು ಕಳಿಸಿದ್ದು ನಾನು."

"ಯಾವ ನೀರು?"

"ಎಲ್ಲಾ. ಈ ಬೀದಿಗೆಲ್ಲ ವಾಟ ಕೊಟ್ಟವನು ನಾನು ತಾನೇ? ಮೊದಲ ಸಲ ನಿನ್ನ ಮನೆಗೆ ನುಗ್ಗಿದಾಗ್ಲೇ ಗೊತ್ತಾಗಿತ್ತು. ಆಮೇಲೂ ಹಾಸ್ತಾನೇ ಹೋದೆ."

ಅಕ್ಕ ಕೈಲಿದ್ದ ಗುಂಡುಸೂಜಿಯನ್ನು ಡಬ್ಬಿಗೆ ಹಾಕಿದಳು.

"ನೀರು ಎತ್ತಿ ಹಾಕೋಕೆ ನೀನೂ ಬರ್ತಿದ್ದೆ."

"ಬರ್ತಿದ್ದೆ."

"ಬಾಯಿ ಬಿಡ್ಲಿಲ್ಲ."

"ಇಲ್ಲ. ಮಳೆ ಕೆಟ್ಟಿರೋದೂ ಸುಳ್ಳಲ್ಲ ಅಕ್ಕಾ..."

"ಮಳೆಗೆ ನಾನು ಅಕ್ಕ ಅಲ್ಲ ಕಣೋ." ಅವಳು ಸೂಜಿಡಬ್ಬಿ ಮುಚ್ಚಿ ಎದ್ದಳು. "ನಡಿ ಕಾಂಪೌಂಡರ್ ಮನೆಗೆ. ನನಗೆ ಹೇಳಿದ್ದನ್ನ ಅಲ್ಲೂ ಹೇಳು."

ಪಕ್ಕೆಯ ಸೂಜಿಗಳ ಸಮೇತ ಮೇಸ್ತ್ರಿ ಆ ಗೇಟಿನ ಮುಂದೆ ನಿಂತು ಹೇಳಿದ. ಕಾಂಪೌಂಡರ್‌ಗೆ ಅರ್ಥವಾಗಲಿಲ್ಲ. "ನಮ್ಮ ವಾಟ ಸರಿಯಾಗೇ ಇದೆಯಲ್ಲಯ್ಯಾ. ಒಂದು ಹನಿ ನಿಲ್ಲಲ್ಲ."

"ಅದೇ ತಪ್ಪಾಗಿರೋದು. ನಿಮ್ಮಲ್ಲಿ ನಿಲ್ಲದ ಹನಿ ಇವಳ ಮಂಚದ ಕೆಳಗೆ ನಿಲ್ತಿದೆ. ಗೊತ್ತಿದ್ದೂ ನಾನೇ ಮಾಡಿದ್ದು."

 ಕಾಂಪೌಂಡರ್ ಅಕ್ಕನ ಮುಖ ನೋಡಿದ. ಅಂಗಳದಲ್ಲಿದ್ದ ಸ್ಕೂಟರಿನ ಸ್ಟ್ಯಾಂಡ್ ತೆಗೆದು ಬೀದಿಗೆ ತಳ್ಳಿಕೊಂಡು ಬಂದ.

"ಎಲ್ಲೀವರೆಗೆ ಕೀಳಬೇಕೋ ಗೆರೆ ಹಾಕು," ಎಂದ.

ಮೇಸ್ತ್ರಿ ಗೆರೆ ಎಳೆದು, "ಅಕ್ಕಾ" ಎನ್ನುತ್ತ ತಿರುಗಿದ. ಅವಳು ಅವನಿಗೆ ಕಾಯದೆ, ಮುಂದಿನ ಮನೆಯ ಗೇಟಿನ ಚಿಲಕ ತೆಗೆಯುತ್ತಿದ್ದಳು.