ಗೋಲ್ಕೊಂಡಾ ಸೈಕಲ್ ಸವಾರಿ, ಹಿಂದೊಂದು ಲಗೇಜು

ದೋಸ್ತರೆ, ಹೆಂಡ್ತಿ ಕಿವಿಗೆ ಬೀಳುವಂಗ ನಗಿಚಾಷ್ಟಿ ಮಾಡಬ್ಯಾಡ್ರಿ.

ನಮ್ಮಾಕಿ ಮೈಸೂರಾಕಿ. ಮದುವಿ ಆದಮ್ಯಾಲೆ ಸೈಕಲ್ ಮುಟ್ಟಿರಲಿಲ್ಲ. "ಗೋಲ್ಕೊಂಡಾ ಸುತ್ತ ಸಪಾಟ ರಸ್ತೆ ಐತಿ, ಆರಾಮ ತುಳೀಬಹುದು" ಅಂತ ಇವತ್ತು ಮುಂಜಾನೆ ಕರ್ಕೊಂಡು ಹೋದೆ. ಫತೇ ದರವಾಜಾದ ಮುಂದ ನಿಂತು ನನ್ನ ಇತಿಹಾಸ ಶುರು ಆತು. "ಮೊಗಲರ ದಂಡು ತಿಂಗಳುಗಟ್ಟಲೆ ಮುತ್ತಿಗಿ ಹಾಕಿದ್ರೂ ಏನೂ ನಡೀಲಿಲ್ಲ. ಕಡೀಕ ಒಳಗಿನವರೇ ಬಾಗಿಲಾ ತಗದ್ರು, ಕೋಟೆ ಬಿತ್ತು."

"ಹಾಗಾದ್ರೆ ಅವರ ಫಿರಂಗಿಯೆಲ್ಲಾ ದಂಡ ಅನ್ನಿ" ಅಂತ ಆಕಿ ನಕ್ಕಳು.

ಅಷ್ಟರಾಗ ನಮ್ಮ ಆಫೀಸಿನ ಸೈಕಲ್ ಗ್ಯಾಂಗ್ ಬಂತು. ಅವರ ಜೋಡಿ ನಾನೂ ಜೋರು ತುಳದೆ. "ರೀ, ಸ್ವಲ್ಪ ನಿಧಾನ" ಅಂತ ಹಿಂದಿಂದ ಕೂಗಿದ್ದು ಕೇಳಿಸ್ತು. ಕೇಳಿಸದವರಂಗ ಹೋದೆ.

ಸುಲ್ತಾನರ ಗೋರಿಗಳ ಹತ್ರ ಚಹಾಕ್ಕ ನಿಂತಾಗ ನಮ್ಮ ಮ್ಯಾನೇಜರ್, ಒಬ್ಬರೇ ಬಂದೀರೇನು ಅಂತ ಹಿಂದಿಯೊಳಗ ಕೇಳಿದ್ರು. ನಾನು ಭಾಳ ಶಾಣ್ಯಾ. "ನಹೀ ಸರ್, ಪೀಛೇ ಲಗೇಜ್ ಹೈ" ಅಂದೆ, ಹಿಂದ ಲಗೇಜು ಐತಿ ಅಂತ. ಎಲ್ಲಾರೂ ನಕ್ಕರು. ತಿರುಗಿ ನೋಡಿದ್ರ, ಬೆವರು ಒರಸಿಕೋತ ಆಕಿ ನನ್ನ ಬೆನ್ನ ಹಿಂದನ ನಿಂತಿದ್ಲು.

"ಲಗೇಜು ತಾನೇ ಮನೆಗೆ ಹೋಗುತ್ತೆ. ನೀವು ಆರಾಮಾಗಿ ಬನ್ನಿ" ಅಂದವಳೇ ಸೈಕಲ್ ತಿರುಗಿಸಿಬಿಟ್ಲು. ಎಷ್ಟು ತುಳದ್ರೂ ಆಕಿ ಸಿಗಲಿಲ್ಲ.

ಆ ಮಾತು ಯಾಕರ ಬಾಯಿಗೆ ಬಂತೋ! ನನ್ನ ಮಾತು ನಂಬಿ ನಕ್ಕೋತ ಬಂದಾಕಿ.

ಈಗ ನಮ್ಮ ಮನಿ ಮೆಟ್ಟಿಲ ಮ್ಯಾಲೆ ಕೂತು ಇದನ್ನ ಬರಿಯಾಕತ್ತೀನಿ. ತಪ್ಪಾತು ಅಂತ ಕದಾ ಬಡದು ಬಡದು ಕೈ ಸೋತಾವು. ಒಳಗಿನವರು ಇನ್ನೂ ಬಾಗಿಲಾ ತಗದಿಲ್ಲ.