ಬೇವಿನ ಕೊಂಬೆಯ ಟೆನಿಸ್

ಮಾಂಬಳ್ಳಿಗೆ ದನದ ಡಾಕ್ಟರಾಗಿ ಹೋದ ಹೊಸದರಲ್ಲಿ ನನಗೆ ಟೆನಿಸ್ಸಿನ ಹುಚ್ಚು ತಲೆಗೇರಿತ್ತು. ಭಾನುವಾರ ಕೊಳ್ಳೇಗಾಲದ ಕ್ಲಬ್ಬಿಗೆ ಹೋಗುವುದು, ಹಿರಿಯ ಇಂಜಿನಿಯರೊಬ್ಬರ ಕೈಲಿ ಸೋತು ಬರುವುದು. ಉಳಿದ ದಿನ ಅಭ್ಯಾಸಕ್ಕೆ ಊರಲ್ಲಿ ಜೊತೆಗಾರರೇ ಇಲ್ಲ. ಕೊನೆಗೆ ಪಕ್ಕದ ಮನೆಯ ಹಿತ್ತಿಲ ಗೋಡೆಯನ್ನೇ ಎದುರಾಳಿ ಮಾಡಿಕೊಂಡೆ. ಆಹಾ, ಎಷ್ಟು ಹೊಡೆದರೂ ದಣಿಯದ ಎದುರಾಳಿ!

ಒಂದು ಸಂಜೆ ಆ ಮನೆಯ ಸಿದ್ದಮ್ಮ ಸೆರಗು ಸಿಕ್ಕಿಸಿಕೊಂಡು ಓಡಿಬಂದರು.

"ಸಾ, ಒಳಗೆ ರೇಷ್ಮೆ ಉಳ ಜ್ವರಕ್ಕೆ ಕುಂತವೆ. ನೀವಿಂಗೆ ಗೋಡೆ ಗುದ್ದಿದ್ರೆ ಅವು ಪೊರೆ ಬಿಡೋದೆಂಗೆ?"

ಪೊರೆ ಬಿಡುವ ಮುಂಚೆ ಹುಳ ಮೇವು ಬಿಟ್ಟು ಅಲ್ಲಾಡದೆ ಇರುವುದಕ್ಕೆ ಅಲ್ಲಿ ಜ್ವರ ಅನ್ನುತ್ತಾರೆ. ನಾನು ಪೆಚ್ಚಾಗಿ, "ಹಾಗಾದ್ರೆ ಎಲ್ಲಿ ಆಡ್ಲಮ್ಮ?" ಅಂದೆ. ಆಕೆ ಒಳಗಿಂದ ರೇಷ್ಮೆ ಹುರಿ ತಂದು, ಚೆಂಡನ್ನು ಹಳೇ ಬಟ್ಟೆಯಲ್ಲಿ ಗಂಟು ಕಟ್ಟಿ, ಬೇವಿನ ಕೊಂಬೆಗೆ ನೇತುಹಾಕಿದರು.

"ಈಗ ಒಡೀರಿ ಸಾ. ಎಲ್ಗೂ ಓಗಾಕಿಲ್ಲ."

ಹೊಡೆದೆ. ಚೆಂಡು ಹೋದಷ್ಟೇ ರಭಸದಲ್ಲಿ ವಾಪಸು ಬಂದು ಹಣೆಗೆ ಬಡಿಯಿತು! ಸಿದ್ದಮ್ಮ ಬಿದ್ದು ಬಿದ್ದು ನಕ್ಕರು. ಹೊಡೆಯುವುದು, ತಲೆ ಬಗ್ಗಿಸುವುದು, ಮತ್ತೆ ಹೊಡೆಯುವುದು. ದಿನಾ ಸಂಜೆ ಇದೇ ಆಟ, ನಿಲ್ಲಿಸಲು ಮನಸ್ಸೇ ಬಾರದು.

ಹುಳ ಗೂಡು ಕಟ್ಟುವ ಹೊತ್ತಿಗೆ ನನ್ನ ಹೊಡೆತಕ್ಕೆ ಎಲ್ಲಿಲ್ಲದ ಗುರಿ ಬಂದಿತ್ತು. ಆ ಭಾನುವಾರ ಇಂಜಿನಿಯರನ್ನು ಮೊದಲ ಸಲ ಸೋಲಿಸಿಯೇಬಿಟ್ಟೆ! ಒಂದೇ ತೊಂದರೆ. ಪ್ರತಿ ಹೊಡೆತದ ಹಿಂದೆಯೇ ತಲೆ ತಾನಾಗಿ ಬಗ್ಗುತ್ತಿತ್ತು.

ಆಟ ಮುಗಿದ ಮೇಲೆ ಅವರು ನನ್ನ ಬೆನ್ನು ತಟ್ಟಿ, ಕ್ಲಬ್ಬಿನವರಿಗೆಲ್ಲ ಕೇಳುವ ಹಾಗೆ ಹೇಳಿದರು: "ಇಂಥಾ ವಿನಯ ನಾನು ಎಲ್ಲೂ ಕಂಡಿಲ್ಲ. ಒಂದೊಂದು ಪಾಯಿಂಟ್ ಕಿತ್ಕೊಂಡಾಗ್ಲೂ ನನಗೆ ನಮಸ್ಕಾರ ಮಾಡ್ತಾರಲ್ರೀ!"

ಅದಕ್ಕೂ ತಲೆ ಬಗ್ಗಿಸಿದೆ.