ಮಖಮಲ್ ಕುಂಚಿಗಿಯ ಅಸ್ತರು

ಗೆಳತ್ಯಾರ, ಸಿಟ್ಟ ಇನ್ನೂ ಇಳದಿಲ್ಲ. ಇವತ್ತ ಹಿರೇಕೆರೂರಾಗ ನಾದಿನಿ ಮೊಮ್ಮಗನ್ನ ತೊಟ್ಟಲದಾಗ ಹಾಕೂ ಕಾರ್ಯ ಇತ್ತು. ಕುಂತ ಹೆಣ್ಮಕ್ಕಳ ಮುಂದ ಆಕಿ ನಗತಾ ಹೇಳಿದ್ಲು, "ಎಂಬತ್ತಮೂರರಾಗ ನಮ್ಮ ವೈನಿ ನನಗ ಮಖಮಲ್ ಜಂಪರ ಹೊಲದಿದ್ರು. ಒಂದ ತೋಳು ಕೆಂಪ, ಒಂದ ತೋಳು ಕರಿ."

ವೈನಿ ಅಂದ್ರ ನಾನ. ಯಾಕ ಹಂಗಾತು ಅನ್ನೂದು ಮಾತ್ರ ಆಕಿ ಹೇಳಲಿಲ್ಲ. ಮಖಮಲ್ಲಿನ ಎಳಿ ಒಂದ ದಿಕ್ಕಿಗೆ ಮಲಗಿರತೈತಿ. ಒಂದ ತೋಳು ತಿರುವಿ ಕತ್ತರಿಸಿದ್ರ ಅರಿವಿ ಉಳಿತೈತಿ ಖರೆ, ಆದ್ರ ಬಣ್ಣನ ಬ್ಯಾರೆ ಕಾಣತೈತಿ. ಅವತ್ತ ಇದನ್ನ ನಾ ಆಕಿಗೆ ಹೇಳೇ ಹೇಳಿದ್ದೆ. ಆದ್ರೂ "ತಿರುವೇ ಕತ್ತರಸ್ರಿ ವೈನಿ, ಯಾರ ನೋಡ್ತಾರ. ಉಳದ ಅರಿವ್ಯಾಗ ನಮ್ಮ ಕೂಸಿನ ತಲಿಗೆ ಒಂದ ಕುಂಚಿಗಿ ಆಗತೈತಿ" ಅಂದಾಕಿ ಆಕಿನ. ಆ ಕುಂಚಿಗಿನೂ ನಾನ ಹೊಲದೆ.

ಅದ ಕುಂಚಿಗಿ ಇವತ್ತ ಟ್ರಂಕಿನಿಂದ ಹೊರಗ ಬಂದು ಮೊಮ್ಮಗನ ತಲಿ ಮ್ಯಾಲ ಕುಂತಿತ್ತು. "ಎಷ್ಟ ಛಂದ ಐತಿ, ಯಾರ ಹೊಲದದ್ದು?" ಅಂತ ಆಕಿ ಬೀಗತಿ ಕೇಳಿದ್ರು.

"ನಾನ" ಅಂದ್ಲು ನಾದಿನಿ, ನನ್ನ ಮಾರಿ ನೋಡಲಾರದ.

ಕೂಸಿನ ಬೆವರ ಒರಸೂ ನೆವದಾಗ ಕುಂಚಿಗಿ ಬಿಚ್ಚಿ, ಒಳಮೈ ಹೊರಗ ಮಾಡಿ ನಾದಿನಿ ತೊಡಿ ಮ್ಯಾಲ ಇಟ್ಟೆ. ಅಸ್ತರಿನ ಹಳದಿ ಹೂವಿನ ಅರಿವಿ ನನ್ನ ಹಳೇ ಸೀರಿದು. ಅದು ಆಕಿಗೂ ಗೊತ್ತು.

"ಎಲ್ಲಾರಿಗೂ ಚಾ ತರತೇನಿ" ಅಂತ ಎದ್ದು ಹ್ವಾದ್ಲು. ನಾನು ಊರ ಮುಟ್ಟಿದೆ, ಚಾ ಇನ್ನೂ ಬಂದಿಲ್ಲ.